ಹೆರಿಗೆ ವಾರ್ಡಿನ ಉದ್ಘಾಟನೆ

“ಗಾಡಿ ಇಂದಕ್ಕೆ ಒಡೀಲಾ! ಅನ್ನೊಂದು ಗಂಟೇಗೆ ಡಿ.ಸಿ. ಸಾಹೇಬ್ರು, ಅವರ ಮನೆಯೋರು ಬತ್ತಾವ್ರೆ. ಚಪ್ಪರದ ಕೆಳಗೆ ಎತ್ತು ತಂದು ನಿಲ್ಲಿಸ್ತೀಯಾ?” ಕೊಬ್ಬರಿ ಮಂಡಿಯ ಕೆಂಪಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಕೂಗಿದ.

ದೇವಯ್ಯ ಗಾಡಿ ತಿರುಗಿಸಲಿಲ್ಲ. ಒಳಗೆ ಹುಲ್ಲಿನ ಮೇಲೆ ಅವನ ಹೆಂಡತಿ ಮಲ್ಲಿಗಮ್ಮ ಸೆರಗು ಕಚ್ಚಿಕೊಂಡು ಮಲಗಿದ್ದಳು. “ನೆನ್ನೆ ಸಂಜೆಯಿಂದ ನೋವು ಸಾ. ಐದು ಮೈಲಿಯಿಂದ ಬಂದಿವ್ನಿ.”

ನರ್ಸ್ ಜಯಲಕ್ಷ್ಮಮ್ಮ ಓಡಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಮಗು ಈಗಲೋ ಆಗಲೋ ಎನ್ನುವಂತಿತ್ತು. ಇಷ್ಟು ದಿನ ಅವಳು ಹೆರಿಗೆ ಮಾಡಿಸುತ್ತಿದ್ದ ಹಜಾರದ ತುಂಬ ಇವತ್ತು ಅತಿಥಿಗಳ ಕುರ್ಚಿ. ಉಳಿದಿದ್ದು ಕೆಂಪಣ್ಣ ದಾನವಾಗಿ ಕಟ್ಟಿಸಿಕೊಟ್ಟ ಹೊಸ ವಾರ್ಡು ಒಂದೇ. ಬಾಗಿಲ ಪಕ್ಕದ ಕಲ್ಲಿನಲ್ಲಿ ಅವನ ತಾಯಿಯ ಹೆಸರು ಸಣ್ಣದಾಗಿ, ಅವನದು ದೊಡ್ಡದಾಗಿ ಕೆತ್ತಿತ್ತು. ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ನು.

“ಕೆಂಪಣ್ಣನವರೇ, ಈ ಬಾಗಿಲು ತೆಗೆಸಿ.”

“ಇನ್ನರ್ಧ ಗಂಟೆ ತಡ್ಕೊಳ್ಳಕೆ ಯೋಳಮ್ಮ. ಹಾಸನದಿಂದ ಫೋಟೋದವ್ನು ಬಂದವ್ನೆ. ಅರಕಲಗೂಡು, ನರಸೀಪುರದ ದೊಡ್ಡೋರೆಲ್ಲ ನೋಡ್ಲಿ ಅಂತ ಕಟ್ಸಿರೋದು ನಾನು. ಒಸಾ ಆಸಿಗೆ ಮೇಲೆ ಮೊದ್ಲು ಇವ್ರೇ ಮಲಗ್ಬೇಕಾ?”

“ಹೆರುವವರಿಗೆ ಅಂತ ಕಟ್ಟಿಸಿದ್ದೀರಿ ಅಂದುಕೊಂಡಿದ್ದೆ.”

“ನಾಳೆನೇ ನಿನ್ನ ಟ್ರಾನ್ಸ್‌ಫರ್ ಮಾಡುಸ್ತೀನಿ, ನೋಡ್ತಿರು!”

ಎರಡು ವರ್ಷದಲ್ಲಿ ಮೂರು ಊರು ನೋಡಿದವಳು ಅವಳು. ಈ ಊರಿನಲ್ಲಿ ಮನೆ ಸಿಕ್ಕಿ, ಮಗಳು ಶಾಲೆಗೆ ಹೊಂದಿಕೊಂಡದ್ದು ಈಗಷ್ಟೇ. ಅಷ್ಟರಲ್ಲಿ ಗಾಡಿಯೊಳಗಿಂದ ಮಲ್ಲಿಗಮ್ಮ ಚೀರಿದಳು. ಜಯಲಕ್ಷ್ಮಮ್ಮ ಮತ್ತೆ ಯೋಚಿಸಲಿಲ್ಲ. ಮೇಜಿನ ಮೇಲೆ ಸೇವಂತಿಗೆಯ ನಡುವೆ ಇಟ್ಟಿದ್ದ ಕತ್ತರಿಯನ್ನು ಎತ್ತಿಕೊಂಡಳು.

“ಅದು ಬೆಳ್ಳೀದು ಕಣಮ್ಮೋ! ಮೈಸೂರಿಂದ ತರ್ಸಿರೋದು!”

ಬೆಳ್ಳಿಯದೇನೋ ಹೌದು, ಹರಿತವಿರಲಿಲ್ಲ. ಎರಡು ಸಲ ಕಚ್ಚಿಸಿ ಎಳೆದ ಮೇಲೆ ರಿಬ್ಬನ್ನು ಹರಿದು ಬಿತ್ತು. ದೇವಯ್ಯ ಹೆಂಡತಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಅದನ್ನು ತುಳಿದುಕೊಂಡೇ ಒಳಗೆ ಹೋದ. ಅವನನ್ನು ಹೊರಗೆ ಕಳಿಸಿ ಜಯಲಕ್ಷ್ಮಮ್ಮ ಬಾಗಿಲು ಹಾಕಿಕೊಂಡಳು.

ಕೆಂಪಣ್ಣ ಹರಿದ ತುದಿಗಳಿಗೆ ಗಂಟು ಹಾಕಲು ಹೆಣಗುತ್ತಿದ್ದಾಗಲೇ ಜೀಪು ಬಂದು ನಿಂತಿತು. ಅದೇ ಗಳಿಗೆಗೆ ವಾರ್ಡಿನೊಳಗಿಂದ ಮಗುವಿನ ಅಳು ಕೇಳಿಸಿತು. ಉದ್ಘಾಟನೆಯಾದ ಕೂಡಲೇ ಊದಬೇಕೆಂದು ಹೇಳಿಸಿಕೊಂಡಿದ್ದ ಓಲಗದವರು ಇನ್ನು ಯಾರ ಅಪ್ಪಣೆಗೂ ಕಾಯಲಿಲ್ಲ. ಓಲಗ ಊರ ತುಂಬ ಮೊಳಗಿತು. ಚಪ್ಪರದ ಕಂಬ ಹಿಡಿದು ನಿಂತಿದ್ದ ದೇವಯ್ಯ ಅಳುತ್ತಾ ನಗುತ್ತಿದ್ದ.

ಹಾರ ಹಾಕಿಸಿಕೊಂಡ ಡಿ.ಸಿ. ಸಾಹೇಬರ ಹೆಂಡತಿ ನೇತಾಡುತ್ತಿದ್ದ ರಿಬ್ಬನ್ನನ್ನು ನೋಡಿದರು. “ಆಗಲೇ ಆಗಿಹೋಯಿತೇ? ಯಾರು ಮಾಡಿದರು ಉದ್ಘಾಟನೆ?”

ಬಾಗಿಲು ತೆರೆಯಿತು. ರವಿಕೆಯ ತೋಳು ಮಡಿಸಿಕೊಂಡಿದ್ದ ಜಯಲಕ್ಷ್ಮಮ್ಮ ಹಣೆಯ ಬೆವರು ಒರೆಸಿಕೊಂಡಳು.

“ಒಳಗೆ ಮಲಗಿದ್ದಾಳೆ, ಬನ್ನಿ ಅಮ್ಮಾವ್ರೇ. ಆರೂವರೆ ಪೌಂಡು.”