ಅಗ್ರಹಾರದ ಹೆಬ್ಬಾಗಿಲು

“ಆ ಬಾಗಿಲು ನನಗೆ ಬೇಕು,” ಎಂದಳು ಮಿತ್ರಾ.

ಸರಿಹೋಯಿತು! ಕೇದಾರ್ ಆಗಲೇ ಅದರ ಮೇಲೆ ಕೈಯಿಟ್ಟು ನಿಂತಿದ್ದ. ಬೆಂಗಳೂರಿನ ತನ್ನ ಹೋಟೆಲಿಗೆ ಹಳೇ ಸಾಮಾನು ಹುಡುಕಲೆಂದೇ ಅವನು ಈ ಪ್ರವಾಸಕ್ಕೆ ಸೇರಿದ್ದು. ೨೦೦೪ರ ಆ ಭಾನುವಾರ ಗೈಡ್ ಜಯಂತ್ ಹಾಸನದಲ್ಲಿ ವ್ಯಾನು ತುಂಬಿಸಿಕೊಂಡು, ಊರೂರಿನ ಹಳೇ ಸಾಮಾನಿನ ಅಂಗಡಿ ತೋರಿಸುತ್ತಾ ಬಂದಿದ್ದ. ಹೊಳೆನರಸೀಪುರದ ಚಂದ್ರಶೇಖರಯ್ಯನವರ ಅಂಗಡಿ ಕೊನೆಯದು. ಬೆಳಗಿನಿಂದ ಒಂದು ಚಮಚವನ್ನೂ ಕೊಳ್ಳದ ಮಿತ್ರಾ ಇಲ್ಲಿ ಬಂದು ಹಟ ಹಿಡಿದಳು.

“ನಾನು ಮೊದಲು ನೋಡಿದ್ದು ಮೇಡಂ,” ಎಂದ ಕೇದಾರ್.

“ನಾನು ಬುದ್ಧಿ ಬಂದಾಗಿನಿಂದ ನೋಡಿದೀನಿ. ಅಗ್ರಹಾರದ ತಿರುನಾರಾಯಣಾಚಾರ್ಯರ ಮನೇದು. ಕೆಳಗಿನ ಕಮಲದ ಎಸಳು ಮುರಿದಿರಬೇಕು ನೋಡಿ. ನಾನೇ ಕಲ್ಲು ಹೊಡೆದಿದ್ದು.”

ಕೇದಾರ್ ಬಗ್ಗಿ ನೋಡಿದ. ಎಸಳು ಮುರಿದೇ ಇತ್ತು.

ಚಂದ್ರಶೇಖರಯ್ಯನವರ ಮನಸ್ಸು ಕರಗಿಹೋಯಿತು. ಅವರದೊಂದು ಕಟ್ಟಳೆ: ಮಾರಿಹೋದ ಮನೆಯ ಸಾಮಾನನ್ನು ಆ ಮನೆಯ ಮಗಳು ಕೇಳಿಕೊಂಡು ಬಂದರೆ, ಲಕ್ಷ ಸುರಿಯುವವನು ನಿಂತಿದ್ದರೂ ಅವನಿಗಿಲ್ಲ. ಹೆಣ್ಣುಮಗಳ ಕಣ್ಣಲ್ಲಿ ನೀರು ಹಾಕಿಸಿ ಉದ್ಧಾರವಾದವರುಂಟೆ?

“ಬುಟ್ಬುಡಿ ಸಾ. ಮನೆ ಮಗ್ಳು ಬಂದವ್ರೆ,” ಎಂದರು.

ಮಿತ್ರಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕೇದಾರ್ ಗೊಣಗುತ್ತಾ ವ್ಯಾನಿನ ಕಡೆ ಹೋದ.

“ತಿರುಗ್ಸಿ ಒಳಮಗ್ಗುಲೂ ತೋರಿಸ್ಲೇನವ್ವ?”

“ಬೇಡ. ನನಗೆ ಗುರುತಿರೋದು ಈ ಕಡೇದೇ.”

“ಎಲ್ಲಿಗೆ ಕೂರಿಸ್ತೀರಿ?”

“ಅಮ್ಮನಿಗೆ ಹಳೇಕೋಟೇಲಿ ಮನೆ ಕಟ್ಟಿಸಿದೀನಿ. ಅಲ್ಲಿಗೆ.”

“ಆಚಾರ್ರು ಇದ್ದಿದ್ರೆ ಎಷ್ಟು ಸಂತೋಸ ಪಡೋರೋ,” ಎಂದು ಚಂದ್ರಶೇಖರಯ್ಯ ಕಣ್ಣೊರೆಸಿಕೊಂಡರು.

“ಇದ್ದು ನೋಡಬೇಕಿತ್ತು ಅವರು,” ಎಂದಳು ಮಿತ್ರಾ. ಮುರಿದ ಎಸಳಿನ ಮೇಲೆ ಬೆರಳಾಡಿಸಿದಳು. ಅದು ದುಃಖವೆಂದುಕೊಂಡ ಆ ಪುಣ್ಯಾತ್ಮ, ಲಾರಿಗೆ ಏರಿಸುವ ಮುಂಚೆ ಬಾಗಿಲಿಗೆ ತಾವೇ ಅರಿಶಿನ ಕುಂಕುಮ ಹಚ್ಚಿ ಕಳಿಸಿದರು.

ಬಾಗಿಲು ಕೂರಿಸಿದ ದಿನ ತಾಯಿ ಅಂಗಳದಲ್ಲೇ ನಿಂತುಬಿಟ್ಟಳು. ಕಾಲು ಮುಂದಕ್ಕೆ ಬರಲೊಲ್ಲದು.

“ಒಳಿಕ್ಕೋಗವ್ವ,” ಎಂದಳು ಮಗಳು. “ಯಾರು ತಡೀತಾರೋ ನೋಡೇಬುಡವ.”

ಆಚಾರ್ಯರ ಕೊಟ್ಟಿಗೆಯ ಸಗಣಿ ಬಾಚಿ ಬಾಚಿ ಮುದುಕಿಯಾದರೂ ಒಂದು ದಿನವೂ ಆ ಬಾಗಿಲು ದಾಟುವಂತಿರದಿದ್ದ ಕೇರಿಯ ಬೆಟ್ಟಮ್ಮ, ತಲೆಯೆತ್ತಿ ಒಳಗೆ ನಡೆದು, ಧಡಾರನೆ ಅಗುಳಿ ಹಾಕಿಕೊಂಡಳು.