ಬಸಿಯ ಚಹಾ

"ಹಾಗಲ್ಲ ಅಜ್ಜಿ. ಬಸಿಗೆ ಹುಯ್ದುಕೊಳ್ಳಿ. ಬೆರಳ ತುದಿ ಮೇಲೆ ಬಸಿ ಎತ್ತಿ ಹಿಡೀರಿ. ಆಮೇಲೆ ಸೊರ್ ಅಂತ ಹೀರಬೇಕು. ಸದ್ದು ಬರಬೇಕು."

ಅರ್ಸೇನಿ ತಾನೇ ಹೀರಿ ತೋರಿಸಿದ. ಅಜ್ಜಿ ಮಾತ್ರ ಕುರ್ಚಿಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಪ್ಪಿನ ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು ಕೂತಿದ್ದಳು. ಆ ಠೀವಿಯೇ ಈಗ ಇಬ್ಬರ ಕುತ್ತಿಗೆಗೂ ಬಂದಿತ್ತು.

ಸಾವಿರದ ಒಂಬೈನೂರ ಮೂವತ್ತೈದರ ವಸಂತ. ಲೆನಿನ್‌ಗ್ರಾದಿನಲ್ಲಿ 'ಹಿಂದಿನವರ' ಬೇಟೆ ನಡೆದಿತ್ತು. ಕ್ರಾಂತಿಗೆ ಮುಂಚಿನ ದೊರೆಗಳು, ಜಮೀನ್ದಾರರು, ಅವರ ಮಕ್ಕಳು ಮೊಮ್ಮಕ್ಕಳು, ಸಿಕ್ಕವರನ್ನೆಲ್ಲ ಗಂಟುಮೂಟೆ ಸಮೇತ ಕಜಾಕ್‌ಸ್ತಾನದ ಬಯಲಿಗೆ ಸಾಗಹಾಕುತ್ತಿದ್ದರು. ಅರ್ಸೇನಿ ಸೇತುವೆ ಕಟ್ಟುವ ವಿದ್ಯೆ ಓದುತ್ತಿದ್ದ. ಕಾಲೇಜಿನಲ್ಲಿ ಅವನು ಅನಾಥ, ಫೆದೋಸ್ಯಾ ಎಂಬ ಅಗಸಗಿತ್ತಿ ಸಾಕಿದ ಹುಡುಗ. ಅಜ್ಜಿಯ ಗುರುತಿನ ಚೀಟಿಯಲ್ಲೂ ಅದೇ ಹೆಸರು. ಅದನ್ನು ಹೇಗೆ ಸಂಪಾದಿಸಿದಿರಿ ಎಂದು ಕೇಳಿದರೆ, "ದೇವರು ಕೊಟ್ಟ" ಅನ್ನುತ್ತಿದ್ದಳು. ಬಾಗಿಲು ಹಾಕಿದ ಮೇಲೆ ಮಾತ್ರ ಅವಳು ಓಲ್ಖೊವ್‌ಸ್ಕಿ ಮನೆತನದ ದೊರೆಸಾನಿ, ಅವನು ಆ ವಂಶದ ಕೊನೆಯ ಕುಡಿ.

ಆ ಮನೆತನದ ಕಥೆ ಕೇಳುತ್ತಲೇ ಅವನು ಬೆಳೆದ. ಊಟದ ಮೇಜಿಗೆ ಯಾರು ಎಲ್ಲಿ ಕೂರುತ್ತಿದ್ದರು, ಯಾವ ಸೇನಾಪತಿ ಬಾತುಕೋಳಿಯ ಚರ್ಮ ಬಿಟ್ಟು ತಿನ್ನುತ್ತಿದ್ದ, ಯಾರ ತಟ್ಟೆಯಲ್ಲಿ ಏನು ಉಳಿಯುತ್ತಿತ್ತು, ಎಲ್ಲವೂ ಅಜ್ಜಿಗೆ ಬಾಯಿಪಾಠ. ತಾನೇನು ತಿಂದೆ ಎಂದು ಮಾತ್ರ ಎಂದೂ ಹೇಳಿದವಳಲ್ಲ. ದೊಡ್ಡವರ ಸಂಕೋಚ, ಬಿಡಿ.

ಒಂದು ಕಥೆಯಂತೂ ಅವನಿಗೆ ಮುಳ್ಳಾಗಿತ್ತು. ಮುತ್ತಜ್ಜ ಒಮ್ಮೆ ಕಡುಬು ಸೀದಿತೆಂದು ಅಡುಗೆಯವಳನ್ನು ಬರಿಗಾಲಲ್ಲಿ ಹಿಮದ ಮೇಲೆ ನಿಲ್ಲಿಸಿದ್ದನಂತೆ. ಚಿಕ್ಕಂದಿನಲ್ಲಿ ಅರ್ಸೇನಿ ಕೈ ತಟ್ಟಿ ನಗುತ್ತಿದ್ದ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ. ಆ ಕಥೆ ಹೇಳುವಾಗ ಅಜ್ಜಿಯೂ ಕಾಲುಗಳನ್ನು ಲಂಗದೊಳಗೆ ಎಳೆದುಕೊಳ್ಳುತ್ತಿದ್ದಳು. ಪಾಪ, ಅವಳಿಗೂ ನಾಚಿಕೆ ಎಂದುಕೊಂಡಿದ್ದ.

ಆ ಕಟ್ಟಡದಲ್ಲಿ ಕೋಣೆಗೊಂದು ಸಂಸಾರ, ಎಲ್ಲರಿಗೂ ಒಂದೇ ಅಡುಗೆಮನೆ. ಪಕ್ಕದ ಕೋಣೆಯ ಜಿನಾಯಿದಾಳ ಕಣ್ಣು ಚುರುಕು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಒಣ ಬ್ರೆಡ್ಡಿಗೂ ತೊಡೆ ಮೇಲೆ ಬಟ್ಟೆ ಹಾಸ್ಕೊಳ್ಳೋ ಅಗಸಗಿತ್ತೀನ ಎಲ್ಲಿ ನೋಡಿದ್ದೀರಮ್ಮ?" ಎಂದು ಒಲೆಯ ಮುಂದೆ ಆಡಿದ್ದಳು. ಮಾತು ಮುಟ್ಟಬೇಕಾದವರಿಗೆ ಮುಟ್ಟಿತು. ವಿಚಾರಣೆಗೆ ಭಾನುವಾರ ಬರುತ್ತಾರೆಂದು ಗೊತ್ತಾಯಿತು. ಅದಕ್ಕೇ ಈ ಬಸಿಯ ಪಾಠ.

ಬಂದವನು ಪೊಲೀಸ್ ಅಧಿಕಾರಿ ಕ್ರೂಗ್ಲೊವ್. ಹಳ್ಳಿ ಮುಖ, ನಗರದ ಬೂಟು. ಕೂತವನೇ ಕೇಳಿದ, "ಅಜ್ಜಿ, ಒಂದ್ಲೋಟ ಚಹಾ ಇದೆಯಾ? ನೀನೂ ಕುಡಿ, ನೋಡೋಣ."

ಅಜ್ಜಿ ಹಿತ್ತಾಳೆಯ ಸಮೋವಾರ್ ಹಂಡೆಯಿಂದ ಚಹಾ ಬಗ್ಗಿಸಿ ಬಸಿಗೆ ಸುರಿದಳು. ಸಕ್ಕರೆ ಗಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಮೊಣಕೈ ಮೇಜಿಗೆ ಊರಿ, ಬಸಿ ಎತ್ತಿ, ಕಣ್ಣು ಮುಚ್ಚಿ ಹೀರಿದಳು. ಆ ಸದ್ದು ಪಕ್ಕದ ಕೋಣೆಗೂ ಕೇಳಿರಬೇಕು. ಹೇಳಿಕೊಟ್ಟದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅರ್ಸೇನಿಗೆ ತನ್ನ ಮೇಷ್ಟರಿಕೆಯ ಮೇಲೆ ಹೆಮ್ಮೆಯೂ ಆಯಿತು.

ಕ್ರೂಗ್ಲೊವ್ ಅವಳ ಅಂಗೈ ತಿರುಗಿಸಿ ನೋಡಿದ. ಕೆಂಪಗೆ, ಒರಟಾಗಿತ್ತು. ಅವನು ಅರ್ಸೇನಿಯ ಕಡೆ ತಿರುಗಿದ.

"ಇವಳು ನಿನಗೇನಾಗಬೇಕು? ಯೋಚನೆ ಮಾಡಿ ಹೇಳು. ಅಜ್ಜಿ ಅಂದರೆ ಇಬ್ಬರೂ ಮೂಟೆ ಕಟ್ಟಬೇಕಾಗಬಹುದು."

ಈ ಪ್ರಶ್ನೆಗೆ ಉತ್ತರ ಅಭ್ಯಾಸ ಮಾಡಿರಲಿಲ್ಲ. 'ಸಾಕಿದವಳು, ತಾಯಿ ಸಮಾನ' ಅಂದಿದ್ದರೆ ಸಾಕಿತ್ತು. ಹೆದರಿಕೆ ಅವನ ನಾಲಿಗೆಯನ್ನು ಬೇರೆ ಕಡೆ ಎಳೆಯಿತು.

"ಏನೂ ಆಗಬೇಕಿಲ್ಲ. ಆಳು. ನನಗೂ ಇವಳಿಗೂ ಸಂಬಂಧ ಇಲ್ಲ. ಬೇಕಾದರೆ ಕರ್ಕೊಂಡು ಹೋಗಿ."

ಅಜ್ಜಿ ಬಸಿ ಕೆಳಗಿಟ್ಟಳು. ಎದ್ದು ಬಂದು, ದಿನಾ ಬೆಳಿಗ್ಗೆ ಮಾಡುವಂತೆ, ಅವನ ಭುಜಕ್ಕೆ ಮುತ್ತಿಟ್ಟಳು. ಅದು ಓಲ್ಖೊವ್‌ಸ್ಕಿಗಳ ಮನೆತನದ ರೂಢಿ. ಇನ್ನು ಮುಗಿಯಿತು ಎಂದು ಅರ್ಸೇನಿ ಕಣ್ಣು ಮುಚ್ಚಿದ.

ಕ್ರೂಗ್ಲೊವ್ ನಕ್ಕುಬಿಟ್ಟ. "ಇವಳಂತೆ ದೊರೆಸಾನಿ! ನಾಲ್ಕು ಮಾತು ಬಯ್ಯಬೇಕು ಆ ಜಿನಾಯಿದಾಗೆ. ಅಜ್ಜೀ, ಸಾಕಿದ ಹುಡುಗನ ಭುಜಕ್ಕೂ ಮುತ್ತಿಡೋ ಆ ಆಳಿನ ಚಾಳಿ ಬಿಡು. ನಮ್ಮವ್ವನೂ ಧಣಿಗಳಿಗೆ ಹಾಗೇ ಇಡ್ತಿದ್ದಳು. ಆ ಕಾಲ ಹೋಯ್ತು."

ಅವನ ಬೂಟಿನ ಸದ್ದು ಮೆಟ್ಟಿಲಿಳಿಯಿತು. ಬದುಕಿದೆವು ಎಂಬ ಸಮಾಧಾನ ಅರ್ಸೇನಿಗೆ ಒಂದು ಗಳಿಗೆಯೂ ಇರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ಅವನು ಅಜ್ಜಿಯ ಕಾಲ ಬಳಿ ಕುಸಿದ.

"ನಾನು ಮನುಷ್ಯನೇ ಅಲ್ಲ ಅಜ್ಜಿ. ಹೆತ್ತವರಿಗಿಂತ ಹೆಚ್ಚಾಗಿ ಸಾಕಿದವರನ್ನ ಆಳು ಅಂದುಬಿಟ್ಟೆ."

"ಏಳಿ. ನೆಲ ತಣ್ಣಗಿದೆ." ಅಜ್ಜಿ ಮತ್ತೆ ಬಸಿಗೆ ಚಹಾ ಸುರಿದುಕೊಂಡಳು.

"ಅವನು ಹೋದನಲ್ಲ. ಇನ್ನು ಆ ಬಸಿ ಬಿಡಿ. ನಾಟಕ ಮುಗೀತು."

"ಹೌದು, ಮುಗೀತು. ಹದಿನೇಳು ವರ್ಷ ಆಡಿ ಬೆನ್ನು ಬಿದ್ದುಹೋಯ್ತು." ಅವಳು ಮೊದಲ ಸಲ ಕುರ್ಚಿಗೆ ಒರಗಿ, ನಿಧಾನವಾಗಿ ಸೊರ್ ಎಂದು ಹೀರಿದಳು. "ನಿಮ್ಮಜ್ಜಿ ಊರು ಬಿಟ್ಟು ಬರೋ ರೈಲಲ್ಲಿ ಜ್ವರ ಬಂದು ತೀರಿಕೊಳ್ಳೋವಾಗ, ಕೂಸಿಗೆ ಮನೆತನ ಮರೆಸಬೇಡ ಫೆದೋಸ್ಯಾ ಅಂದ್ರು. ಬಾಗಿಲ ಹತ್ತಿರ ನಿಂತು ನೋಡಿದ್ದನ್ನೆಲ್ಲ ನಿಮಗೆ ಕಲಿಸಿದೆ. ನೀವು ಹೇಳಿದ್ದು ಸುಳ್ಳಲ್ಲ, ಚಿಕ್ಕ ಧಣಿ. ಹಿಮದ ಮೇಲೆ ಬರಿಗಾಲಲ್ಲಿ ನಿಂತಳಲ್ಲ, ಅವಳು ನಮ್ಮವ್ವ."