ಅಪ್ಪ ಬಂದ ಸಂಜೆ

“ಅಣ್ಣನ ಎಡೆಗೆ ಬಾರ್ಲಿ ನೀರಾ?” ಮುನ್‌ಸಿಕ್ ಕೋಟು ಕಳಚುವ ಮೊದಲೇ ಹಿತ್ತಾಳೆಯ ಬಟ್ಟಲೆತ್ತಿ ಮೂಸಿ ನೋಡಿದ. “ಏನತ್ತಿಗೆ, ಅವನಿಗೇನು ಜ್ವರ ಬಂದಿದ್ಯಾ?”

“ಕುಡಿದೇ ಸತ್ತವರಿಗೆ ಇನ್ನೂ ಕುಡಿಸ್ಬೇಕಾ?” ಓಕ್‌ಬುನ್ ಹುರಿದ ಮೀನನ್ನು ತಲೆ ಪೂರ್ವಕ್ಕೆ ಬರುವಂತೆ ತಟ್ಟೆಯಲ್ಲಿ ತಿರುಗಿಸಿಟ್ಟಳು. ಗಂಡ ಬದುಕಿದ್ದಾಗ ದಿಕ್ಕು ತಪ್ಪದೆ ಮನೆಗೆ ಬಂದದ್ದು ಅಪರೂಪ. ಈಗ ಅವನ ಮೀನಿಗೂ ದಿಕ್ಕು ನೋಡಬೇಕಿತ್ತು.

“ಸತ್ತಮೇಲೆ ಲಿವರ್ ಎಲ್ಲಿರುತ್ತೆ ಅತ್ತಿಗೆ? ಈಗ ಎಷ್ಟು ಕುಡಿದ್ರೂ ನಡಿಯುತ್ತೆ.” ಮುನ್‌ಸಿಕ್ ಚೀಲದಿಂದ ಅಕ್ಕಿಮದ್ಯದ ಬಾಟಲಿ ತೆಗೆದು ಎಡೆಯ ಪಕ್ಕದಲ್ಲಿಟ್ಟ. ಅಣ್ಣನ ತಿಥಿಗೆಂದು ಅವನು ಮಾಡುತ್ತಿದ್ದ ಖರ್ಚು ಇದೊಂದೇ. ಅಣ್ಣ ಬಿಟ್ಟದ್ದನ್ನು ಪ್ರಸಾದವೆಂದು ತಾನೇ ಮುಗಿಸಿ ಹೋಗುತ್ತಿದ್ದುದರಿಂದ ಅದೂ ನಷ್ಟದ ಬಾಬಲ್ಲ.

ಓಕ್‌ಬುನ್ ಮಗನ ಕಡೆ ನೋಡಿದಳು. ಗಿಹೊ ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತಾ ಬೇರೆಲ್ಲೋ ನೋಡುತ್ತಿದ್ದ. ಬೇಸಿಗೆಯ ಶುರುವಿನಲ್ಲಿ ಆಸ್ಪತ್ರೆಯಿಂದ ಅವನನ್ನು ಕಳಿಸಿಕೊಡುವಾಗ, ಇನ್ನು ಒಂದು ಹನಿ ಒಳಗೆ ಹೋದರೂ ಅಪ್ಪನ ದಾರಿಯೇ ಎಂದು ಡಾಕ್ಟರು ಹೇಳಿದ್ದರು. ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದ ಅವನ ಹೆಂಡತಿಯೂ ಆ ಒಂದು ಹನಿಯ ಮೇಲೆಯೇ ನಿಂತಿದ್ದಳು. ಬರುವ ಭಾನುವಾರದವರೆಗೆ ಮುಟ್ಟದೆ ಇದ್ದರೆ ಅವತ್ತೇ ಮನೆಗೆ ಬರುತ್ತೇನೆ ಎಂದಿದ್ದಳು.

“ಸರಿ, ಮದ್ಯವೇ ಇಡೋಣ,” ಎಂದಳು ಓಕ್‌ಬುನ್. “ಆದ್ರೆ ಗಿಹೊ ಸುರೀತಾನೆ ಅಷ್ಟೆ. ಆಮೇಲೆ ಪ್ರಸಾದ, ಹಿರೀಕರ ಆಶೀರ್ವಾದ ಅಂತ ಅವನ ತುಟಿಗೆ ತಾಗಿಸಬಾರದು.”

“ಅವನ ಪಾಲೂ ನಾನೇ ಕುಡೀತೀನಿ ಬಿಡಿ. ಮನೆತನಕ್ಕೋಸ್ಕರ ಅಷ್ಟೂ ಮಾಡ್ದೆ ಇರ್ತೀನಾ?”

ಹಿಂದೆ ಈ ಎಡೆ ನಡುರಾತ್ರಿಗೆ ನಡೆಯುತ್ತಿತ್ತು. ಮುನ್‌ಸಿಕ್‌ನ ಊರಿನ ಕೊನೆಯ ಬಸ್ಸು ಬೇಗ ಹೊರಡುವಂತಾದ ಮೇಲೆ ಸತ್ತವರೂ ಸಂಜೆಗೇ ಬರುವುದನ್ನು ರೂಢಿ ಮಾಡಿಕೊಂಡಿದ್ದರು. ಗಿಹೊ ಮೊಣಕಾಲೂರಿ ಬಟ್ಟಲು ತುಂಬಿಸಿದ. ಅವನ ಕೈ ನಡುಗಲಿಲ್ಲ. ಅದೇ ತನ್ನ ಈ ವರ್ಷದ ಬೆಳೆ ಎಂದುಕೊಂಡಳು ತಾಯಿ. ಮೂವರೂ ಅಡ್ಡಬಿದ್ದೆದ್ದರು. ಅನ್ನದಲ್ಲಿ ಚಮಚ ನೆಟ್ಟಾಯಿತು. ಇನ್ನು ಬಂದವರು ಉಣ್ಣುವ ಹೊತ್ತು. ಯಾರಾದರೂ ನೋಡುತ್ತಾ ನಿಂತರೆ ಹಿರಿಯರು ಉಣ್ಣುವುದಿಲ್ಲ. ಎಲ್ಲರೂ ಹೊರಗೆ ಹೋಗಬೇಕು, ಹಿರಿಮಗ ಕೊನೆಗೆ ಬಂದು ಬಾಗಿಲೆಳೆದುಕೊಳ್ಳಬೇಕು.

ಓಕ್‌ಬುನ್ ಮತ್ತು ಮೈದುನ ಅಡುಗೆಮನೆಯಲ್ಲಿ ಕಾದರು. ಗಿಹೊ ಬರುವುದು ತುಸು ತಡವಾಯಿತು. “ಮೇಣದಬತ್ತಿ ವಾಲಿತ್ತು, ಸರಿ ಮಾಡ್ದೆ,” ಎಂದ, ಯಾರೂ ಕೇಳದಿದ್ದರೂ. ಆಮೇಲೆ ನಲ್ಲಿಯ ಕಡೆ ತಿರುಗಿ ಒಂದು ಲೋಟ ನೀರು ಕುಡಿದು, ಬಾಯಿ ಮುಕ್ಕಳಿಸಿ, ಮತ್ತೊಂದು ಲೋಟ ಕುಡಿದ.

“ಇನ್ನೂ ಸ್ವಲ್ಪ ಕೂತ್ಕೊಳ್ಳಿ,” ಎಂದ ಮುನ್‌ಸಿಕ್. “ಅಣ್ಣ ಯಾವತ್ತೂ ಅವಸರದಲ್ಲಿ ಎದ್ದೋನಲ್ಲ.” ಸಾಕೆನಿಸಿದಾಗ, ಒಳಗಿದ್ದವರಿಗೆ ತಿಳಿಯಲೆಂದು ಪದ್ಧತಿಯಂತೆ ಮೂರು ಸಲ ಕೆಮ್ಮಿ ಬಾಗಿಲು ತೆರೆದ.

ಬಟ್ಟಲು ಖಾಲಿಯಾಗಿತ್ತು. ಪಕ್ಕದ ಬಾಟಲಿಯಲ್ಲಿ ಮದ್ಯದ ಮಟ್ಟ ಹೆಗಲಿನಿಂದ ಹೊಟ್ಟೆಗಿಳಿದಿತ್ತು.

ಮುನ್‌ಸಿಕ್ ಇದ್ದಲ್ಲೇ ಮಂಡಿಯೂರಿದ. ಇಷ್ಟು ವರ್ಷವೂ ಸುರಿದ ಬಟ್ಟಲು ಸುರಿದಂತೆಯೇ ಉಳಿಯುತ್ತಿತ್ತು. “ಅತ್ತಿಗೆ, ಅಣ್ಣ ಬಂದಿದ್ದ,” ಎಂದ. “ಬಾಟಲಿನೂ ನೋಡಿ. ಒಂದಕ್ಕೇ ನಿಲ್ಲಿಸೋ ಜಾಯಮಾನವೇ ಅಲ್ಲ ಅವನದು. ನೀವು ಬಾರ್ಲಿ ನೀರು ಇಟ್ಟಿದ್ರೆ ಬಾಗಿಲಿಂದಲೇ ವಾಪಸ್ ಹೋಗ್ತಿದ್ದ.”

ಓಕ್‌ಬುನ್ ಎಡೆಯ ಮೇಲೆ ಕಣ್ಣಾಡಿಸಿದಳು. ಬೆಳಗಿನಿಂದ ನಿಂತು ಬೇಯಿಸಿದ ಮೂಲಂಗಿ ಸಾರು, ಮೊಟ್ಟೆಯಲ್ಲಿ ಅದ್ದಿ ಕರಿದ ಕುಂಬಳದ ಬಿಲ್ಲೆ, ಸುಲಿದ ಚೆಸ್ಟ್‌ನಟ್, ಪೇರ್ ಹಣ್ಣು ಎಲ್ಲ ಇಟ್ಟಂತೆಯೇ ಇದ್ದವು. ಅನ್ನದಲ್ಲಿ ನೆಟ್ಟ ಚಮಚ ಅಲುಗಿರಲಿಲ್ಲ.

“ನಿಮ್ಮಣ್ಣನೇ, ಅನುಮಾನವಿಲ್ಲ,” ಎಂದಳು. “ಇಷ್ಟೆಲ್ಲ ಬೇಯಿಸಿಟ್ರೂ ಒಂದು ತುತ್ತು ಮುಟ್ಟದೆ ಬಟ್ಟಲಿಗೆ ಮಾತ್ರ ಕೈ ಹಾಕೋರು ಈ ಮನೇಲಿ ಇನ್ಯಾರಿದ್ರು?”

ಗಿಹೊನ ಕಿವಿಗಳು ಕೆಂಪೇರಿದ್ದವು. “ಇರಬಹುದಮ್ಮ,” ಎಂದ ನೆಲ ನೋಡುತ್ತಾ. “ಚಿಕ್ಕಪ್ಪ ಹೇಳೋದೂ ನಿಜ ಇರಬಹುದು.”

“ಇರಬಹುದು ಏನೋ, ಕಣ್ಣೆದುರಿಗೇ ಇದೆ,” ಎಂದ ಮುನ್‌ಸಿಕ್. “ಸುರಿಯಪ್ಪ ಇನ್ನೊಂದು ಬಟ್ಟಲು. ಇಷ್ಟು ವರ್ಷಕ್ಕೆ ಬಂದೋನ್ನ ಒಣಗಂಟಲಲ್ಲಿ ಕಳಿಸ್ತಾರಾ?”

ಗಿಹೊನ ಕೈ ಬಾಟಲಿಯತ್ತ ಹೋಯಿತು, ಅಪ್ಪನ ಮೇಲಿನ ಭಕ್ತಿಗೆ ಬೇಕಾದುದಕ್ಕಿಂತ ತುಸು ಬೇಗನೆ. ಅಷ್ಟರಲ್ಲಿ ಓಕ್‌ಬುನ್ ಅಡ್ಡ ಬಂದು ನಿಂತಳು. ಬೈಯಲಿಲ್ಲ. ಎಳೆ ಮಗುವಿನ ಗಲ್ಲ ಹಿಡಿಯುವಂತೆ ಮಗನ ಗಲ್ಲ ಹಿಡಿದೆತ್ತಿ, ಅವನ ಬಾಯಂಚನ್ನು ತನ್ನ ಅಂಗಿತೋಳಿನ ತುದಿಯಿಂದ ಮೆತ್ತಗೆ ಒರೆಸಿದಳು. ಒರೆಸಿದ ಮೇಲೂ ಆ ವಾಸನೆ ಹೋಗಲಿಲ್ಲ. ಆ ವಾಸನೆಯ ಪಕ್ಕದಲ್ಲೇ ಅವಳು ಅರ್ಧ ಆಯುಷ್ಯ ಮಲಗಿ ಎದ್ದವಳು.

“ಅತ್ತಿಗೆ,” ಮುನ್‌ಸಿಕ್ ಪಿಸುದನಿಯಲ್ಲಿ ಕೇಳಿದ, “ಅಣ್ಣ ಹೊರಟುಹೋದ್ನಾ, ಇನ್ನೂ ಇಲ್ಲೇ ಇದ್ದಾನಾ?”

“ಎಲ್ಲಿಗೆ ಹೋಗ್ತಾರೆ? ಇಲ್ಲೇ ನಿಂತಿದ್ದಾರಲ್ಲ.” ಓಕ್‌ಬುನ್ ಮಗನ ಹೆಗಲು ಹಿಡಿದು ಅವನನ್ನು ಮೈದುನನ ಎದುರಿಗೆ ತಿರುಗಿಸಿದಳು. “ಅಡ್ಡಬೀಳಿ.”